ಬೆಟ್ಟಕ್ಕೊಂದು ವಾಸಸ್ಥಳ ದೃಢೀಕರಣ ಪತ್ರ

2023ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಬೆಟ್ಟ ಕೆಲಸ ಕಳೆದುಕೊಂಡಿತು. ಹೆಸರು ಮ್ಯಾಟರ್‌ಹಾರ್ನ್. ಎತ್ತರ 4,478 ಮೀಟರ್. ಉದ್ಯೋಗ, ಟಾಬ್ಲರೋನ್ ಚಾಕೊಲೇಟಿನ ಪೊಟ್ಟಣದ ಮೇಲೆ ನಿಲ್ಲುವುದು. ಜಗತ್ತಿನ ವಿಮಾನ ನಿಲ್ದಾಣಗಳಲ್ಲೆಲ್ಲ ಹಗಲು ರಾತ್ರಿ ಹಾಜರಿರುತ್ತಿದ್ದ ಈ ಬೆಟ್ಟವನ್ನು ಮನೆಗೆ ಕಳಿಸಿದ್ದು ನಡತೆ ಸರಿಯಿಲ್ಲವೆಂದಲ್ಲ. ಚಾಕೊಲೇಟಿನ ಒಡೆತನ ಅಮೆರಿಕದ ಕಂಪನಿಯದು. ಅದು ತಯಾರಿಕೆಯ ಒಂದು ಪಾಲನ್ನು ಸ್ಲೊವಾಕಿಯಾದ ಬ್ರಾಟಿಸ್ಲಾವಾ ನಗರಕ್ಕೆ ಸಾಗಿಸಲು ಹೊರಟಿತು. ಆಗ ಸ್ವಿಸ್ ಕಾನೂನು ಎದ್ದು ನಿಂತಿತು.

2017ರಿಂದ ಜಾರಿಯಲ್ಲಿರುವ ಆ ಕಾನೂನಿನ ಪ್ರಕಾರ, ಸ್ವಿಸ್ ಎಂದು ಹೇಳಿಕೊಳ್ಳುವ ತಿನಿಸಿನ ಕಚ್ಚಾವಸ್ತುಗಳಲ್ಲಿ ತೂಕದ ಲೆಕ್ಕಕ್ಕೆ ಕನಿಷ್ಠ ಶೇಕಡಾ 80 ಆ ದೇಶದ್ದೇ ಆಗಿರಬೇಕು. ಹಾಲಾದರೆ ಶೇಕಡಾ 100. ಹಾಗಾದರೆ ಕೋಕೋ? ಅದಕ್ಕೆ ವಿನಾಯಿತಿ, ಹಿಮದಲ್ಲಿ ಕೋಕೋ ಬೆಳೆಯುವುದಿಲ್ಲವಲ್ಲ! ಹೀಗಾಗಿ ಆಫ್ರಿಕಾದ ಕೋಕೋ ಸ್ವಿಟ್ಜರ್ಲೆಂಡಿಗೆ ಬಂದು ಸ್ವಿಸ್ ಆಗಬಹುದು. ಸ್ವಿಸ್ ಬೆಟ್ಟ ಬ್ರಾಟಿಸ್ಲಾವಾಕ್ಕೆ ಹೋದರೆ ಮಾತ್ರ ಅಕ್ರಮ ವಲಸಿಗ. ನಮ್ಮ ನಾಡಕಚೇರಿಯವರೂ ವಾಸಸ್ಥಳ ದೃಢೀಕರಣ ಪತ್ರಕ್ಕೆ ಇಷ್ಟು ಸತಾಯಿಸುವುದಿಲ್ಲ. ಕೊನೆಗೆ ಕಂಪನಿ ಪೊಟ್ಟಣದ ಮೇಲೆ ಯಾವ ದೇಶಕ್ಕೂ ಸೇರದ, ಯಾರೂ ತಕರಾರು ಎತ್ತಲಾಗದ ಒಂದು ಮುಕ್ಕೋನದ ಬೆಟ್ಟವನ್ನು ನೇಮಿಸಿಕೊಂಡಿತು. ಇಷ್ಟಕ್ಕೂ ಮ್ಯಾಟರ್‌ಹಾರ್ನ್ ಪೂರ್ತಿ ಸ್ವಿಸ್ ಪ್ರಜೆಯೇನಲ್ಲ, ಅದರ ಒಂದು ಮಗ್ಗುಲು ಇಟಲಿಯಲ್ಲಿದೆ. ಈ ಸಂಗತಿಯನ್ನು ಇನ್ನೂ ಯಾರೂ ನ್ಯಾಯಾಲಯಕ್ಕೆ ಎಳೆದಿಲ್ಲವೆಂಬುದೇ ಸಮಾಧಾನ.

ಕಾನೂನು ಇಷ್ಟು ಬಿಗಿಯಾಗಿರುವ ಆ ದೇಶದ ಪೇಟೆಗಳಲ್ಲಿ ಪ್ರವಾಸಿಗರು ಮುಗಿಬಿದ್ದು ಕೊಳ್ಳುವುದು ಕುಕ್ಕೂ ಗಡಿಯಾರವನ್ನು. ಅದರ ತವರು ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್. ಗಂಟೆಗೊಮ್ಮೆ ಬಾಗಿಲು ತೆರೆದು ಹೊರಗೆ ಬಂದು ಆ ಹಕ್ಕಿ ಕೂಗಿ ಹೇಳುವುದು ಇದನ್ನೇ ಇರಬಹುದು. ಕೇಳಿಸಿಕೊಳ್ಳಲು ನಮಗೆ ಪುರುಸೊತ್ತಿಲ್ಲ, ಬಸ್ ಹೊರಡುವ ಹೊತ್ತಾಗಿರುತ್ತದೆ.

ಬಸ್ ಎಂದಾಗ ನಮ್ಮವರ ಯುರೋಪ್ ಪ್ರವಾಸದ ಬಗ್ಗೆ ಹೇಳಲೇಬೇಕು. ಎಂಟುನೂರು ವರ್ಷದ ಚರ್ಚಿನ ಮುಂದೆ ಬಸ್ ನಿಂತರೆ ಪ್ರವಾಸ ವ್ಯವಸ್ಥಾಪಕರು ಕೊಡುವುದು ಇಪ್ಪತ್ತು ನಿಮಿಷ. ಅವರಿಗೆ ಪರಿಚಯದ ಅಂಗಡಿಯ ಮುಂದೆ ನಿಂತರೆ ಒಂದೂವರೆ ಗಂಟೆ, ಜೊತೆಗೆ ಉಚಿತ ಶೌಚಾಲಯ. ಯಜಮಾನರು ಚರ್ಚಿನಲ್ಲಿ ಮೊಬೈಲ್ ನೋಡುತ್ತಾರೆ, ಅಂಗಡಿಯಲ್ಲಿ ಪಟ್ಟಿ ನೋಡುತ್ತಾರೆ. ಸೋದರತ್ತೆ, ಓರಗಿತ್ತಿ, ಬೀಗರು, ಬೀಗರ ಬೀಗರು, ಕಚೇರಿಯ ಹನ್ನೊಂದು ಮೇಜು, ಬೆಕ್ಕಿಗೆ ಹಾಲು ಹಾಕಿದ ಪಕ್ಕದ ಮನೆಯವರು. ಹಿಂದೆ ಕಾಶಿಗೆ ಹೋದವರು ಗಂಗೆಯ ಗಿಂಡಿ, ಕಾಶಿದಾರ ತಂದು ಹಂಚುತ್ತಿದ್ದರು. ಈಗ ಅದೇ ಭಕ್ತಿಯಿಂದ ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ಟುಗಳನ್ನು ಹಂಚುತ್ತಾರೆ. ವ್ಯತ್ಯಾಸವೆಂದರೆ, ಗಿಂಡಿಯೊಳಗಿನ ನೀರು ಕಾಶಿಯದೇ ಆಗಿರುತ್ತಿತ್ತು.

ವೆನಿಸಿನ ಗಲ್ಲಿಯಲ್ಲಿ ಮುಖವಾಡ ಕೈಗೆತ್ತಿಕೊಂಡು ನಮ್ಮ ಅತ್ತೆಯವರು ಹರಕು ಹಿಂದಿಯಲ್ಲಿ ಕೇಳುತ್ತಾರೆ, “ಇದು ಇಲ್ಲಿಯದೇ ತಾನೆ?” ಬಾಂಗ್ಲಾದೇಶದಿಂದ ಬಂದು ಅಂಗಡಿ ನೋಡಿಕೊಳ್ಳುವ ಹುಡುಗ ಅಷ್ಟೇ ಪ್ರೀತಿಯಿಂದ ಹಿಂದಿಯಲ್ಲೇ ಉತ್ತರಿಸುತ್ತಾನೆ, “ನೂರಕ್ಕೆ ನೂರು ಇಟಲಿಯದು, ಆಂಟಿ.” ಮುಖವಾಡ ಚೀನಾದ್ದು, ಹುಡುಗ ಢಾಕಾದವನು, ಅತ್ತೆ ದಾವಣಗೆರೆಯವರು. ಆ ವ್ಯವಹಾರದಲ್ಲಿ ಇಟಲಿಯದು ಬೆಲೆಯೊಂದೇ. ಅದೇ ಊರಿನ ಮಗ್ಗುಲಿನ ಮುರಾನೊ ದ್ವೀಪದಲ್ಲಿ 1291ರಿಂದ ಗಾಜು ಊದುವವರಿದ್ದಾರೆ. ಅವರ ಒಂದು ಹೂದಾನಿಯ ಬೆಲೆ ಕೇಳಿದ ಮೇಲೆ ಅತ್ತೆಯವರಿಗೆ ಮುಖವಾಡ ಇನ್ನಷ್ಟು ಇಟಾಲಿಯನ್ ಆಗಿ ಕಂಡರೆ ತಪ್ಪೇನಿದೆ? ದೊಡ್ಡ ಕಂಪನಿಯ ನಕಲಿ ಕೈಚೀಲವನ್ನು ಬೀದಿಯಲ್ಲಿ ಕೊಂಡ ಪ್ರವಾಸಿಗೆ ಇಟಲಿಯಲ್ಲಿ 7,000 ಯೂರೋವರೆಗೆ ದಂಡ ವಿಧಿಸಬಹುದು. ನಕಲಿ ವೆನಿಸನ್ನು ಕೊಂಡವರಿಗೆ ರಸೀದಿ ಕೊಟ್ಟು ನಮಸ್ಕಾರ ಹೇಳುತ್ತಾರೆ.

ಇನ್ನು ಊರಿನ ಹೆಸರು ಬರೆದ ಟೀ ಶರ್ಟು. ಹೋಟೆಲಿಗೆ ಬಂದು ಕತ್ತುಪಟ್ಟಿಯೊಳಗೆ ಇಣುಕಿದರೆ ‘ಮೇಡ್ ಇನ್ ಇಂಡಿಯಾ’ ಎಂದಿರುತ್ತದೆ. ತಿರುಪ್ಪೂರಿನದೋ, ನಮ್ಮ ಪೀಣ್ಯದ್ದೋ. ಹೊಲಿದ ಹೆಣ್ಣುಮಗಳು ನಿಮ್ಮ ಬೀದಿಯಿಂದಲೇ ಬೆಳಿಗ್ಗೆ ಬಸ್ ಹತ್ತುತ್ತಿರಬಹುದು. ಅವಳ ಒಂದು ದಿನದ ಕೂಲಿಗಿಂತ ಹೆಚ್ಚು ಯೂರೋ ತೆತ್ತು, ಸಮುದ್ರ ದಾಟಿ ಹೋದದ್ದನ್ನು ವಾಪಸು ತಂದ ಹೆಮ್ಮೆ ನಮ್ಮದು.

ಸರ್ಕಾರಗಳಿಗೂ ಆಗಾಗ ಎಚ್ಚರವಾಗುತ್ತದೆ. ವಾಷಿಂಗ್ಟನ್ನಿನ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ಸಂಗ್ರಹಾಲಯದ ಅಂಗಡಿಯಲ್ಲಿ ಮಾರುತ್ತಿದ್ದ ಅಧ್ಯಕ್ಷರ ಪುಟ್ಟ ಪ್ರತಿಮೆಗಳು ಚೀನಾದಲ್ಲಿ ತಯಾರಾದವು ಎಂದು 2011ರಲ್ಲಿ ಸೆನೆಟರ್ ಬರ್ನಿ ಸ್ಯಾಂಡರ್ಸ್ ಕೂಗೆಬ್ಬಿಸಿದರು. ಆಮೇಲೆ ಅಲ್ಲಿ ಅಮೆರಿಕದಲ್ಲೇ ತಯಾರಾದ ವಸ್ತುಗಳಿಗೆಂದು ಬೇರೆಯೇ ಅಂಗಡಿ ತೆರೆದರು. ಅಮೆರಿಕದ ರಾಜಧಾನಿಯಲ್ಲಿ ಅಮೆರಿಕದ ಸಾಮಾನಿಗೆ ಒಂದು ವಿಶೇಷ ಮೂಲೆ! ಥಾಯ್ಲೆಂಡ್ 2024ರಲ್ಲಿ, ತನ್ನ ಪ್ರವಾಸಿಗರಿಗೆ ಅಚ್ಚುಮೆಚ್ಚಾದ ಆನೆ ಚಿತ್ರದ ಪ್ಯಾಂಟುಗಳ ಚೀನೀ ನಕಲುಗಳ ವಿರುದ್ಧ ಸಮರ ಸಾರಿತು. ಗಡಿಯಲ್ಲಿ ಆನೆಪಡೆ ತಡೆದ ರಾಜರ ಕಥೆಗಳಿವೆ, ಪ್ಯಾಂಟಿನ ಮೇಲಿನ ಆನೆಗಳನ್ನು ತಡೆಯುವ ಯೋಗ ಕಸ್ಟಮ್ಸ್ ಗುಮಾಸ್ತರಿಗೆ ಬಂತು. ಎಸೆದರೆ ತಿರುಗಿ ಬರುವ ಬೂಮರಾಂಗುಗಳನ್ನು ಇಂಡೋನೇಷ್ಯಾದಲ್ಲಿ ಮಾಡಿಸಿ ಆಸ್ಟ್ರೇಲಿಯಾದ ಆದಿವಾಸಿಗಳ ಕೈಕೆಲಸವೆಂಬಂತೆ ಮಾರಿದ ಕಂಪನಿಗೆ ಅಲ್ಲಿನ ಫೆಡರಲ್ ನ್ಯಾಯಾಲಯ 2019ರಲ್ಲಿ 23 ಲಕ್ಷ ಡಾಲರ್ ದಂಡ ಹಾಕಿತು. ಅಷ್ಟು ಹೊತ್ತಿಗೆ ಕಂಪನಿ ಬಾಗಿಲು ಹಾಕುವ ಹಂತದಲ್ಲಿತ್ತು. ಬೂಮರಾಂಗ್ ಸರಿಯಾಗಿಯೇ ತಿರುಗಿ ಬಂದಿತ್ತು, ಹಿಡಿಯಲು ಯಾರೂ ಇರಲಿಲ್ಲ.

ಚೀನಾವನ್ನು ಬೈಯುವವರು ನೆದರ್ಲೆಂಡ್ಸಿನ ಡೆಲ್ಫ್ಟ್ ಊರಿನ ನೀಲಿ ಪಿಂಗಾಣಿಯನ್ನು ನೋಡಬೇಕು. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಅದನ್ನು ಮಾಡತೊಡಗಿದ್ದೇ ಚೀನಾದ ಪಿಂಗಾಣಿಯನ್ನು ನಕಲು ಮಾಡಲು. ಈಗ ಚೀನಾ ಡೆಲ್ಫ್ಟಿನ ನಕಲು ಮಾಡಿ ಅಲ್ಲಿಗೇ ಕಳಿಸುತ್ತಿದೆ. ಸಾಲ ತೀರಿತೆನ್ನಬೇಕೋ, ಬಡ್ಡಿ ಇನ್ನೂ ಬಾಕಿಯೋ?

ಹಾಗಾದರೆ ಅಪ್ಪಟ ಸ್ಥಳೀಯ ವಸ್ತುವೇ ಇಲ್ಲವೆ? ಇದೆ, ಮಣ್ಣು. ಇಟಲಿಯ ಸಾರ್ಡೀನಿಯಾ ದ್ವೀಪದ ಕಡಲತಡಿಯ ಬಿಳಿ ಮರಳಿಗೆ ಯಾವ ಪ್ರಮಾಣಪತ್ರವೂ ಬೇಡ. 2019ರಲ್ಲಿ ಫ್ರಾನ್ಸಿನ ದಂಪತಿ ಅದನ್ನೇ ಸುಮಾರು 40 ಕಿಲೋ ಬಾಟಲಿಗಳಲ್ಲಿ ತುಂಬಿಕೊಂಡು ಕಾರಿನಲ್ಲಿಟ್ಟು ಹೊರಟಿದ್ದರು. ನೆನಪಿಗಾಗಿ ಒಯ್ಯುತ್ತಿದ್ದೇವೆ ಎಂದರು. ಪೊಲೀಸರು ಹಿಡಿದರು. ಅಲ್ಲಿ ಮರಳು ಒಯ್ದವರಿಗೆ 500ರಿಂದ 3,000 ಯೂರೋ ದಂಡವಿದೆ. ಅಂದರೆ ನಿಯಮ ಸ್ಪಷ್ಟ: ಆ ಊರಿನದಲ್ಲದ್ದನ್ನು ಎಷ್ಟು ಬೇಕಾದರೂ ಒಯ್ಯಿರಿ, ಆ ಊರಿನದ್ದನ್ನು ಮುಟ್ಟಿದರೆ ಜೋಕೆ. (ಮರಳು ಕದ್ದರೆ ಶಿಕ್ಷೆಯಾಗುವ ದೇಶವೂ ಇದೆ ಎಂದು ನಮ್ಮ ನದೀತೀರದ ಲಾರಿ ಮಾಲೀಕರಿಗೆ ಯಾರೂ ಹೇಳಬೇಡಿ, ನಕ್ಕು ಸುಸ್ತಾದಾರು.)

ಆದ್ದರಿಂದ ನಮ್ಮ ಪ್ರವಾಸ ಸಂಸ್ಥೆಗಳಿಗೆ ನನ್ನದೊಂದು ವಿನಂತಿ. ಪ್ಯಾರಿಸ್, ರೋಮ್ ಎಂದು ಜನರನ್ನು ಅಲೆದಾಡಿಸುವುದನ್ನು ಬಿಟ್ಟು ಚೀನಾದ ಝೆಜಿಯಾಂಗ್ ಪ್ರಾಂತ್ಯದ ಯಿವು ಪಟ್ಟಣಕ್ಕೆ ನೇರ ಯಾತ್ರೆ ಹೊರಡಿಸಿ. ಅಲ್ಲಿನ ಸಗಟು ಮಾರುಕಟ್ಟೆಯಲ್ಲಿ ಸುಮಾರು 75,000 ಮಳಿಗೆಗಳಿವೆ. ಬೆಳಿಗ್ಗೆ ಉಪ್ಪಿಟ್ಟು ಮುಗಿಸಿ ಈಫೆಲ್ ಗೋಪುರದ ಕೀಚೈನುಗಳ ಸಾಲು, ಹತ್ತು ಗಂಟೆಗೆ ಪೀಸಾ, ಊಟಕ್ಕೆ ಮುಂಚೆ ಲಂಡನ್. ಯುರೋಪಿನ ಷೆಂಗನ್ ವೀಸಾಕ್ಕೆ ಬ್ಯಾಂಕಿನ ಲೆಕ್ಕ ಒಪ್ಪಿಸುವ ಗೋಳಿಲ್ಲ. ಫೋಟೋ ಬೇಕೆಂದವರಿಗೆ ಗೋಪುರದ ಚಿತ್ರವಿರುವ ಪರದೆಯೂ ಅಲ್ಲೇ ಸಿಗುತ್ತದೆ. ಕೊನೆಯ ಸಂಜೆ ಬಿಡುವು. ಊರಿನ ನೆನಪಾಗಿ ಬಣ್ಣದ ಮರದ ಬೊಂಬೆ ಕೈಗೆತ್ತಿಕೊಂಡು, ಚನ್ನಪಟ್ಟಣದ್ದೇ ಎಂದು ವಿಚಾರಿಸಿದರೆ ಅಂಗಡಿಯವರು ಇಲ್ಲವೆನ್ನುವುದಿಲ್ಲ. ಎಷ್ಟು ಕಂಟೇನರ್ ಬೇಕು ಎಂದಷ್ಟೇ ಕೇಳುತ್ತಾರೆ.