ಕಲ್ಲು ಅಂದರೆ ಯಾರಿಗೆ ಬೇಕು?

1908ರ ಜೂನ್ 30ರ ಬೆಳಗ್ಗೆ ಸೈಬೀರಿಯಾದ ತುಂಗುಸ್ಕಾ ನದಿಯ ಮೇಲೆ ಆಕಾಶದಲ್ಲೇ ಏನೋ ಸಿಡಿಯಿತು. ಎರಡು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಕಾಡು ಅಂಗಾತ ಮಲಗಿತು. ನೆಲದಲ್ಲಿ ಮಾತ್ರ ಒಂದು ಗುಂಡಿಯೂ ಬೀಳಲಿಲ್ಲ. ಬಿದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆ ಇಲ್ಲದ ಗುಂಡಿಗೆ ಜನ ಇಂದಿಗೂ ಬುಟ್ಟಿಗಟ್ಟಲೆ ಮಣ್ಣು ಹೊರುತ್ತಿದ್ದಾರೆ.

ಲಿಯೊನಿದ್ ಕುಲಿಕ್ ಎಂಬ ವಿಜ್ಞಾನಿ ಅಲ್ಲಿಗೆ ತಲುಪಿದ್ದು 1927ರಲ್ಲಿ. ಜೌಗಿನ ಹೊಂಡಗಳನ್ನು ಕಂಡು, ಉಲ್ಕೆ ಇಲ್ಲೇ ಹೂತಿದೆ ಎಂದುಕೊಂಡ. ಮುಂದೆ ಮತ್ತೆ ಬಂದು, ಕಾಲುವೆ ತೋಡಿಸಿ ಒಂದು ಹೊಂಡದ ನೀರು ಬಸಿದು ನೋಡಿದರೆ ತಳದಲ್ಲಿ ಹಳೇ ಮರದ ಬೊಡ್ಡೆ! ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದೆ. ಆದರೂ ಕುಲಿಕ್ ದೊಡ್ಡವನೇ. ಸೊಳ್ಳೆ ಕಚ್ಚಿಸಿಕೊಂಡು ಹೋಗಿ ನೋಡಿದ.

ಉಳಿದವರು ಕೂತಲ್ಲೇ ಬಗೆಹರಿಸಿದರು. ಹಿರೋಷಿಮಾದ ಮರುವರ್ಷವೇ ಒಬ್ಬ ಕತೆಗಾರ ಅಲ್ಲಿ ಅನ್ಯಗ್ರಹದವರ ಅಣುನೌಕೆ ಸಿಡಿಸಿದ. ಕತೆಯೆಂದು ಬರೆದದ್ದನ್ನು ಓದುಗರು ಪಂಚಾಂಗದಂತೆ ನಂಬಿದರು. 1973ರಲ್ಲಿ ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಸರದಿ. ಭೂಮಿಯನ್ನು ತೂರಿ ಅಟ್ಲಾಂಟಿಕ್ ಸಾಗರದಲ್ಲಿ ಎದ್ದು ಹೋಯಿತಂತೆ. ಹೊರಬಿದ್ದ ಕುರುಹು ಮಾತ್ರ ಸಿಗಲಿಲ್ಲ. ವಿದ್ಯುತ್ ಸಂಶೋಧಕ ನಿಕೋಲಾ ಟೆಸ್ಲಾ ಬಿಟ್ಟ ಕಿರಣ ಎನ್ನುವವರೂ ಇದ್ದಾರೆ. ಆಯಾ ಕಾಲಕ್ಕೆ ಯಾವುದರ ಗುಂಗೋ ತುಂಗುಸ್ಕಾದಲ್ಲಿ ಬಿದ್ದದ್ದೂ ಅದೇ.

ಬಾನಿನಿಂದ ಬಂದದ್ದು ಬರೀ ಕಲ್ಲು, ಗಾಳಿಯೇ ಗೋಡೆಯಾಗಿ ಅದನ್ನು ಮೇಲೆಯೇ ಪುಡಿ ಮಾಡಿತು ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಇಷ್ಟೇನಾ?

2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಊರಿನ ಮೇಲೆ ಸುಮಾರು ಇಪ್ಪತ್ತು ಮೀಟರಿನ ಕಲ್ಲು ಸೆಕೆಂಡಿಗೆ 19 ಕಿಲೋಮೀಟರ್ ವೇಗದಲ್ಲಿ ಬಂದು ಸಿಡಿಯಿತು. ಈ ಸಲ ಸಾಕ್ಷಿಗೆ ಬರವಿರಲಿಲ್ಲ, ಕಾರುಗಳ ಕ್ಯಾಮೆರಾಗಳೇ ಸೆರೆಹಿಡಿದವು. ಬೆಳಕು ಕಂಡವರು ‘ಏನದು’ ಅಂತ ಕಿಟಕಿಗೆ ಮೂಗು ಒತ್ತಿ ನಿಂತರು. ಸದ್ದು ಹಿಂದೆ ನಡೆದು ಬರುತ್ತಿತ್ತು. ಬಂತು, ಗಾಜು ಮುಖಕ್ಕೇ ಸಿಡಿಯಿತು. ಸುಮಾರು 1,500 ಮಂದಿ ಆಸ್ಪತ್ರೆ ಕಂಡರು.

ರಾಜಕಾರಣಿ ವ್ಲಾದಿಮಿರ್ ಝಿರಿನೋವ್ಸ್ಕಿ ಮಾತ್ರ ಅವತ್ತೇ ತೀರ್ಪು ಕೊಟ್ಟರು: ಇದು ಉಲ್ಕೆಯಲ್ಲ, ಅಮೆರಿಕದವರ ಹೊಸ ಅಸ್ತ್ರದ ಪರೀಕ್ಷೆ.

ಆ ‘ಅಸ್ತ್ರ’ದ ದೊಡ್ಡ ತುಂಡನ್ನು ಅಕ್ಟೋಬರಿನಲ್ಲಿ ಚೆಬರ್ಕುಲ್ ಕೆರೆಯಿಂದ ಎಳೆದು ತಕ್ಕಡಿಗೆ ಹಾಕಿದರು. 570 ಕಿಲೋ ತೋರಿಸಿ ತಕ್ಕಡಿಯೇ ಮುರಿಯಿತು. ಅದನ್ನು ಮುರಿದವರು ಯಾವ ದೇಶದವರು ಎಂದು ಝಿರಿನೋವ್ಸ್ಕಿಯವರನ್ನು ಯಾರಾದರೂ ಕೇಳಬಹುದಿತ್ತು.