ಮೊದಲು ಬೆಲ್ಲ ನೀರು ಕೊಡಿ, ಸಮಾಚಾರ ಆಮೇಲೆ ಕೇಳಿ

ನಿನ್ನೆ ರಾತ್ರಿಯಿಂದ ಒಂದು ಸಿಟ್ಟು ಇಳಿಯುತ್ತಿಲ್ಲ. ಬರೆದರಾದರೂ ಇಳಿಯಬಹುದು ಅಂತ ಕೂತಿದ್ದೇನೆ.

ನನ್ನ ಚಿಕ್ಕಮ್ಮನ ಮಗಳು ಗೊತ್ತಲ್ವಾ, ಕ್ಲಿನಿಕಲ್ ಸೈಕಾಲಜಿ ಓದಿದವಳು. ಇಷ್ಟು ವರ್ಷ ಮಂಗಳೂರಿನಲ್ಲಿದ್ದಳು. ಈಗ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಸ್ವಂತ ಕ್ಲಿನಿಕ್ ತೆರೆಯುತ್ತಿದ್ದಾಳೆ. ವೆಬ್‌ಸೈಟ್ ಮಾಡಲು ಒಂದು ಕಂಪೆನಿಗೆ ಕೊಟ್ಟಿದ್ದಳು. ಅವರು ಕಳಿಸಿದ ಮಾದರಿಯನ್ನು ನನಗೆ ತೋರಿಸಿ, "ಅಣ್ಣ, ಒಮ್ಮೆ ನೋಡು. ಏನೋ ಸರಿ ಇಲ್ಲ ಅನಿಸುತ್ತದೆ, ಏನಂತ ಗೊತ್ತಾಗುವುದಿಲ್ಲ" ಅಂದಳು.

ನೋಡಲು ಚಂದ ಇತ್ತು. ಸಮುದ್ರದ ಚಿತ್ರ, ತಿಳಿ ನೀಲಿ ಬಣ್ಣ. ಕೆಳಗೆ ಒಂದು ಫಾರಂ. ಹೆಸರು, ಫೋನ್, ವಯಸ್ಸು, ಮದುವೆ ಆಗಿದೆಯೋ ಇಲ್ಲವೋ. ಕೊನೆಗೆ ಒಂದು ದೊಡ್ಡ ಪೆಟ್ಟಿಗೆ: ನಿಮ್ಮ ಸಮಸ್ಯೆಯನ್ನು ವಿವರಿಸಿ. ಪಕ್ಕದಲ್ಲಿ ಕೆಂಪು ನಕ್ಷತ್ರ. ಅದನ್ನು ತುಂಬದೆ ಮುಂದೆ ಹೋಗುವ ಹಾಗಿಲ್ಲ. ಎಲ್ಲವೂ ಇಂಗ್ಲಿಷಿನಲ್ಲಿ. ನಾನು ಆ ಪೆಟ್ಟಿಗೆಯಲ್ಲಿ ಕನ್ನಡದಲ್ಲಿ ಎರಡು ಶಬ್ದ ಬರೆದು ನೋಡಿದೆ. ತಗೊಳ್ಳಲಿಲ್ಲ.

ನನ್ನ ಎದೆ ಧಸಕ್ಕೆಂದಿತು. ಯಾಕೆ ಅಂತ ಹೇಳುತ್ತೇನೆ. ಮನೆಯವರನ್ನು ಬಿಟ್ಟು ಯಾರಿಗೂ ಇದು ಗೊತ್ತಿಲ್ಲ.

ಅಪ್ಪ ತೀರಿಹೋದ ವರ್ಷ ನನಗೆ ತಿಂಗಳುಗಟ್ಟಲೆ ನಿದ್ದೆ ಇರಲಿಲ್ಲ. ತೋಟಕ್ಕೆ ನೀರು ಬಿಡಲು ಹೋದವನು ಪಂಪಿನ ಶೆಡ್ಡಿನಲ್ಲಿ ಸುಮ್ನೆ ಕೂತುಬಿಡುತ್ತಿದ್ದೆ. ಒಂದು ರಾತ್ರಿ ಎರಡು ಗಂಟೆಗೆ ಒಬ್ಬ ಕೌನ್ಸೆಲರ್ ಅವರ ಸೈಟ್ ತೆರೆದೆ. ಅಲ್ಲೂ ಇಂಥದೇ ಪೆಟ್ಟಿಗೆ. ಮೊಬೈಲಿನಲ್ಲಿ ಕನ್ನಡದಲ್ಲಿ ಬರೆದೆ. ಹತ್ತು ಹನ್ನೆರಡು ಸಾಲು ಇರಬೇಕು. ಅಪ್ಪನ ಕೊನೆಯ ವಾರದಲ್ಲಿ ನಾನು ಅವರ ಹತ್ತಿರ ಮಾತು ಬಿಟ್ಟಿದ್ದೆ. ಅದನ್ನೂ ಬರೆದೆ. ಹೆಂಡತಿಗೂ ಹೇಳದ ಮಾತು ಅದು. ಕಳಿಸಲು ಒತ್ತಿದೆ. ಸರಿಯಾದ ಅಕ್ಷರ ಬಳಸಿ ಅಂತ ಕೆಂಪಗೆ ಬಂತು. ನೋಡಿದರೆ ಪೆಟ್ಟಿಗೆ ಖಾಲಿ. ಬರೆದದ್ದೆಲ್ಲ ಹೋಗಿತ್ತು.

ಎರಡನೇ ಸಲ ಬರೆಯಲು ನನ್ನಿಂದ ಆಗಲಿಲ್ಲ. ಫೋನ್ ಕವುಚಿ ಹಾಕಿ ಗೋಡೆ ಕಡೆ ತಿರುಗಿ ಮಲಗಿದೆ. ಮತ್ತೆ ಧೈರ್ಯ ಮಾಡಿ ಇನ್ನೊಬ್ಬರ ಹತ್ತಿರ ಹೋಗುವಾಗ ಏಳು ತಿಂಗಳು ಕಳೆದಿತ್ತು. ಆ ಏಳು ತಿಂಗಳು ನನ್ನ ಮನೆಯವರು ಪಟ್ಟ ಪಾಡು ನನಗೆ ಗೊತ್ತು.

ವೆಬ್‌ಸೈಟಿನ ಕೆಲಸವನ್ನೇ ಮಾಡುವವನು ನಾನು. ಆವತ್ತು ಏನಾಯಿತು ಅಂತ ಆಮೇಲೆ ಅರ್ಥವಾಯಿತು. ಎ ಯಿಂದ ಝಡ್ ವರೆಗಿನ ಅಕ್ಷರ ಮಾತ್ರ ತಗೋ ಅಂತ ಕೋಡಿನಲ್ಲಿ ಒಂದು ಸಾಲು ಇರುತ್ತದೆ. ಎಲ್ಲಿಂದಲೋ ಎತ್ತಿ ಅಂಟಿಸಿದ ಸಾಲು. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಜಾಗ ಕೊಡುವ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿದೆ. ಇಷ್ಟು ವರ್ಷವಾದ ಮೇಲೂ ಆ ಒಂದು ಸಾಲನ್ನು ತಿದ್ದುವ ಮನಸ್ಸು ಇಲ್ಲ. ಅರ್ಜಿ ಫಾರಂ ಕನ್ನಡದಲ್ಲಿ ಕೊಡಿ ಅಂತ, ಕೇರಳಕ್ಕೆ ಸೇರಿದ 1956ರಿಂದ ಕೇಳುತ್ತಾ ಬಂದವರು ನಾವು ಕಾಸರಗೋಡಿನವರು. ಈಗ ನಮ್ಮದೇ ಊರಿನಲ್ಲಿ, ನಮ್ಮದೇ ಹುಡುಗಿಯ ಬಾಗಿಲಲ್ಲೂ ನಮ್ಮ ಅಕ್ಷರ ನಡೆಯುವುದಿಲ್ಲ ಅಂದರೆ ಹೇಗೆ?

ಆದರೆ ಕನ್ನಡ ತಗೊಂಡರೂ ಆ ಪೆಟ್ಟಿಗೆ ಬೇಡ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಕಡೆ ಬಿಸಿಲಲ್ಲಿ ನಡೆದು ಬಂದವರನ್ನು ಜಗಲಿಯಲ್ಲಿ ಕೂರಿಸಿ, ಆಸರಿಗೆ ಅಂತ ಬೆಲ್ಲ ನೀರು ಕೊಡುತ್ತೇವೆ. ಬಂದ ಸಮಾಚಾರ ಕೇಳುವುದು ಆಮೇಲೆ. ಮನಸ್ಸು ಸೋತು ಬಂದವರನ್ನು ಮಾತ್ರ ಗೇಟಿನ ಹೊರಗೇ ನಿಲ್ಲಿಸಿ, ನಿನ್ನ ಕಷ್ಟ ಎಲ್ಲ ಬರೆದುಕೊಡು ಅನ್ನುವುದಾ?

ಬರೆದದ್ದು ಎಲ್ಲಿಗೆ ಹೋಗುತ್ತದೆ ಅಂತ ಕಂಪೆನಿಯ ಹುಡುಗನಿಗೆ ಫೋನ್ ಮಾಡಿ ಕೇಳಿದೆ. ಕ್ಲಿನಿಕ್‌ನ ಇಮೇಲಿಗೆ ಹೋಗುತ್ತದೆ, ಒಂದು ಪ್ರತಿ ಅವರ ಸರ್ವರಿನಲ್ಲಿ ಉಳಿಯುತ್ತದೆ ಅಂದ. ಪುಟದಲ್ಲಿ ಫೇಸ್‌ಬುಕ್ ಪಿಕ್ಸೆಲ್ ಕೂಡ ಹಾಕಿದ್ದ, ಜಾಹೀರಾತಿಗೆ ಒಳ್ಳೆಯದು ಅಂತ. ಅದನ್ನು ಹಾಕಿದರೆ ಯಾರು ಯಾವ ಪುಟಕ್ಕೆ ಬಂದರು ಅನ್ನುವ ಸುದ್ದಿ ಜಾಹೀರಾತಿನವರಿಗೆ ಸಿಗುತ್ತದೆ. ಬಟ್ಟೆ ಅಂಗಡಿಗೆ ಅದು ನಡೆಯುತ್ತದೆ. ಇಲ್ಲಿಗೆ ನಡೆಯುತ್ತದಾ? ಅಮೆರಿಕದಲ್ಲಿ ಬೆಟರ್‌ಹೆಲ್ಪ್ ಅನ್ನುವ ಆನ್‌ಲೈನ್ ಕೌನ್ಸೆಲಿಂಗ್ ಕಂಪೆನಿ ಇಂಥ ಮಾಹಿತಿಯನ್ನು ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥವರಿಗೆ ಕೊಟ್ಟದ್ದಕ್ಕೆ 2023ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 78 ಲಕ್ಷ ಡಾಲರ್ ಕಕ್ಕಿಸಿತು. ನಮ್ಮಲ್ಲೂ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಗುಟ್ಟು ಕಾಪಾಡುವುದನ್ನು ರೋಗಿಯ ಹಕ್ಕು ಅಂತಲೇ ಹೇಳುತ್ತದೆ.

ಅಮೆರಿಕದ ಮಾತು ಹಾಗಿರಲಿ. ಕ್ಲಿನಿಕ್‌ನ ಇಮೇಲ್ ತೆರೆಯುವುದು ಮುಂದೆ ಕೂರುವ ಹುಡುಗಿ. ಅವಳು ಪಕ್ಕದ ಪೆರ್ಲದವಳಾದರೆ ಪೆರ್ಲದ ಹತ್ತು ಮನೆ ಅವಳಿಗೆ ನೆಂಟರು. ಪಾಪ, ಅವಳು ಯಾರಿಗೂ ಹೇಳಲಿಕ್ಕಿಲ್ಲ. ಆದರೆ ಬರೆಯುವವನ ಬೆರಳು ಅದೇ ಯೋಚನೆಯಲ್ಲಿ ನಡುಗುತ್ತದೆ. ದೊಡ್ಡ ಪೇಟೆಯಲ್ಲಿ ಯಾರಿಗೆ ಯಾರೂ ಅಲ್ಲ. ಇಲ್ಲಿ ಬಸ್ಸಿನಲ್ಲಿ ಕೂತರೆ ಕಂಡಕ್ಟರಿಗೂ ಎಲ್ಲಿಗೆ ಹೊರಟದ್ದು, ಯಾಕೆ ಅಂತ ಗೊತ್ತು.

ತಂಗಿ ಒಂದು ಮಾತು ಕೇಳಿದಳು. "ಮೊದಲೇ ಸ್ವಲ್ಪ ತಿಳಿದಿದ್ದರೆ ನನಗೆ ಸುಲಭ ಅಲ್ವಾ ಅಣ್ಣ? ಯಾರಾದರೂ ಜೀವ ಕಳಕೊಳ್ಳುವ ಯೋಚನೆಯಲ್ಲಿದ್ದರೆ?" ಕೇಳಬೇಕಾದ ಪ್ರಶ್ನೆಯೇ. ಆದರೆ ಅಂಥವರು ಶನಿವಾರ ರಾತ್ರಿ ಬರೆದರೆ ನೀನು ನೋಡುವುದು ಸೋಮವಾರ ಬೆಳಿಗ್ಗೆ. ಅಷ್ಟು ಹೊತ್ತು ಅವರು ಉತ್ತರ ಕಾಯುತ್ತಾ ಕೂರಬೇಕು. ಅದಕ್ಕಿಂತ ಟೆಲಿ ಮಾನಸ್‌ನ 14416 ನಂಬರನ್ನು ಪುಟದ ಮೇಲೆಯೇ ದಪ್ಪ ಅಕ್ಷರದಲ್ಲಿ ಹಾಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಫೋನ್ ಕೌನ್ಸೆಲಿಂಗ್ ಸೇವೆ. ಹಗಲು ರಾತ್ರಿ ಇದೆ, ದುಡ್ಡಿಲ್ಲ. ಉಳಿದದ್ದನ್ನು ಅವರು ಎದುರಿಗೆ ಕೂತ ಮೇಲೆ ಕೇಳು. ನೀನು ಓದಿದ್ದೇ ಅದಕ್ಕಲ್ವಾ? ಹೀಗೆ ಹೇಳುವಾಗ ನನ್ನ ದನಿ ಸ್ವಲ್ಪ ಜಾಸ್ತಿಯೇ ಏರಿತು. ಅವಳು ಏನೂ ಹೇಳಲಿಲ್ಲ. ನನ್ನ ಕಥೆ ಅವಳಿಗೂ ಆಗಲೇ ಗೊತ್ತಾದದ್ದು.

ಆಮೇಲೆ ಇಬ್ಬರೂ ಕೂತು ರಾತ್ರಿ ಹನ್ನೆರಡರವರೆಗೆ ಬರೆದೆವು. ಒಂದು ಸಲಕ್ಕೆ ಎಷ್ಟು ಫೀಸು. ಎಷ್ಟು ಹೊತ್ತು ಮಾತಾಡಬಹುದು. ಮದ್ದು ಬರೆದುಕೊಡುವುದಿಲ್ಲ, ಬೇಕಾದರೆ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸುತ್ತೇನೆ ಅನ್ನುವುದು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್, ಯಾರು ಬೇಕಾದರೂ ಪರೀಕ್ಷಿಸಲಿ ಅಂತ. ಕನ್ನಡ, ತುಳು, ಮಲಯಾಳ, ಹವ್ಯಕ, ಯಾವುದರಲ್ಲಿ ಬೇಕಾದರೂ ಮಾತಾಡಿ, ನಡುವೆ ಅಳು ಬಂದರೆ ಅಳಿ ಅನ್ನುವ ಸಾಲು ಅವಳದ್ದೇ. ಗುಣವಾದವರ ಮಾತು ಅಂತ ಫೋಟೋ ಸಮೇತ ಹಾಕಲು ಬಿಟ್ಟಿದ್ದ ಜಾಗವನ್ನು ಪೂರ್ತಿ ತೆಗೆಸಿದೆವು.

ಚಿಕ್ಕಮ್ಮ ಅಡಿಗೆ ಮನೆಯಿಂದ ಎಲ್ಲ ಕೇಳುತ್ತಿದ್ದರು. ಕೈ ಒರೆಸಿಕೊಂಡು ಬಂದು, "ಕ್ಲಿನಿಕ್ಕಿಗೆ ಹಿಂದಿನಿಂದ ಒಂದು ಮೆಟ್ಟಿಲು ಉಂಟಲ್ಲ, ಅದನ್ನು ಬರೆದಿರಾ?" ಅಂತ ಕೇಳಿದರು. ನಾವು ಬರೆದಿರಲಿಲ್ಲ. ಮುಂದಿನ ಬಾಗಿಲು ಬಸ್ ಸ್ಟ್ಯಾಂಡಿಗೆ ನೇರ ಕಾಣುತ್ತದೆ. ಹಿಂದಿನ ಮೆಟ್ಟಿಲು ಹತ್ತಿದರೆ ಯಾರಿಗೂ ಕಾಣುವುದಿಲ್ಲ. ಅದನ್ನು ಮೊದಲ ಪುಟದಲ್ಲೇ, ವಿಳಾಸದ ಕೆಳಗೆ ಹಾಕಿದೆವು.

ಫಾರಂ ಈಗ ಇಲ್ಲ. ಫೋನ್ ನಂಬರ್ ಇದೆ, ಅವಳೇ ಫೋನ್ ಎತ್ತುವ ಸಮಯ ಇದೆ, ಅಷ್ಟೇ. ಕನ್ನಡದ ಪುಟ ತಯಾರಾಗಿದೆ. ಮಲಯಾಳದ್ದು ನಾನು ಬರೆದಿದ್ದೇನೆ, ಆದರೆ ನನ್ನ ಮಲಯಾಳ ಪೇಟೆಯಲ್ಲಿ ಕಲಿತದ್ದು. ಒಮ್ಮೆ ಓದಿ ತಿದ್ದಿಕೊಡುವವರು ಯಾರಾದರೂ ಇದ್ದರೆ ದಯವಿಟ್ಟು ಇನ್‌ಬಾಕ್ಸಿಗೆ ಬನ್ನಿ. ಎರಡು ಪುಟ ಇದೆ, ಅರ್ಧ ಗಂಟೆಯ ಕೆಲಸ.