ಪಟ್ಟಿ ಬಿಡಿ, ‘ಇಟ್’ ಎಲ್ಲಿ ಕೂರುತ್ತದೆ ನೋಡಿ

ಫ್ರೇಸಲ್ ವರ್ಬ್, ಅಂದರೆ ‘ಅಪ್’, ‘ಆಫ್ಟರ್’ ಥರದ ಪುಟ್ಟ ಪದ ಅಂಟಿಕೊಂಡ ಇಂಗ್ಲಿಷ್ ಕ್ರಿಯಾಪದ, ಕಲಿಸುವವರು ಸಾಮಾನ್ಯವಾಗಿ ಒಂದು ಉದ್ದನೆಯ ಪಟ್ಟಿ ಕೊಡುತ್ತಾರೆ. ಎಡಗಡೆ ‘ಪಿಕ್ ಅಪ್’, ‘ಲುಕ್ ಆಫ್ಟರ್’, ‘ಪುಟ್ ಅಪ್ ವಿತ್’. ಬಲಗಡೆ ಅರ್ಥ. ಬಾಯಿಪಾಠ ಮಾಡಿದರೆ ಪಾಠ ಮುಗಿಯಿತು. ನನ್ನ ಪ್ರಕಾರ ಈ ಪಟ್ಟಿಯಲ್ಲಿ ಮುಖ್ಯವಾದದ್ದೇ ಇರುವುದಿಲ್ಲ. ಅರ್ಥ ಚೆನ್ನಾಗಿ ಗೊತ್ತಿದ್ದವರೂ ‘ಇಟ್’, ‘ಹಿಮ್’, ‘ದೆಮ್’ ಎಲ್ಲಿಡಬೇಕು ಅಂತ ತಡವರಿಸುತ್ತಾರೆ.

‘ಪಿಕ್ ಅಪ್ ದ ಬುಕ್’ ಸರಿ. ‘ಪಿಕ್ ದ ಬುಕ್ ಅಪ್’ ಕೂಡ ಸರಿ. ಆದರೆ ಬುಕ್ ಹೋಗಿ ‘ಇಟ್’ ಬಂತೋ, ‘ಪಿಕ್ ಇಟ್ ಅಪ್’ ಅಂತಲೇ ಹೇಳಬೇಕು. ‘ಪಿಕ್ ಅಪ್ ಇಟ್’ ನಡೆಯುವುದಿಲ್ಲ. ಇದು ಸುಮ್ನೆ ಹುಟ್ಟಿದ ನಿಯಮವಲ್ಲ. ಇಂಗ್ಲಿಷಿನಲ್ಲಿ ಹೊಸ ವಿಷಯ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಒತ್ತೂ ಅಲ್ಲೇ ಬೀಳುತ್ತದೆ. ‘ಇಟ್’ ಅಂದರೆ ಆಗಲೇ ಗೊತ್ತಿರುವ ವಸ್ತು. ಅದಕ್ಯಾಕೆ ಕೊನೆಯ ಜಾಗ? ‘ಅವಳನ್ನಲ್ಲ, ಅವನನ್ನು’ ಅಂತ ಬೇಕೆಂದೇ ಒತ್ತಿ ಹೇಳುವಾಗ ನಿಯಮ ಸ್ವಲ್ಪ ಸಡಿಲವಾಗುತ್ತದೆ. ಅದು ಅಪರೂಪ ಬಿಡಿ.

ಹಾಗಂತ ‘ಲುಕ್ ಹರ್ ಆಫ್ಟರ್’ ಅನ್ನೋಕಾಗುತ್ತಾ? ಇಲ್ಲ. ‘ಲುಕ್ ಆಫ್ಟರ್ ಹರ್’ ಮಾತ್ರ. ಇಲ್ಲಿ ‘ಆಫ್ಟರ್’ ಪ್ರಿಪೊಸಿಷನ್, ಅಂದರೆ ನಾಮಪದ ಅಥವಾ ಸರ್ವನಾಮಕ್ಕೆ ಮೊದಲು ಬರುವ ಪದ. ‘ಹರ್’ ಅದರ ಪಕ್ಕದಲ್ಲೇ ಇರಬೇಕು. ‘ಪಿಕ್ ಅಪ್’ನ ‘ಅಪ್’ಗೆ ಆ ಹಂಗಿಲ್ಲ, ಅದು ಕ್ರಿಯಾಪದದ ಜೊತೆಗಾರ. ಕಿವಿಗೊಟ್ಟರೂ ಗೊತ್ತಾಗುತ್ತದೆ. ‘ಪಿಕ್ ಇಟ್ ಅಪ್’ನಲ್ಲಿ ‘ಅಪ್’ ಜೋರಾಗಿ ಕೇಳುತ್ತದೆ. ‘ಲುಕ್ ಅಟ್ ಇಟ್’ನಲ್ಲಿ ‘ಅಟ್’ ಕೇಳಿಸಿದರೆ ಹೆಚ್ಚು.

ನನಗೆ ತುಂಬ ಇಷ್ಟವಾದ ಜೋಡಿ: ‘ರನ್ ಅಪ್ ದ ಹಿಲ್’, ‘ರನ್ ಅಪ್ ಎ ಬಿಲ್’. ಬೆಟ್ಟ ಹತ್ತಿ ಓಡುವುದು ಒಂದು, ಬಿಲ್ ಬೆಳೆಸಿಕೊಳ್ಳುವುದು ಇನ್ನೊಂದು. ನೋಡೋಕೆ ಎರಡೂ ಒಂದೇ ಥರ. ‘ಇಟ್’ ಹಾಕಿದ ಕೂಡಲೇ ಬಣ್ಣ ಬಯಲು. ಬೆಟ್ಟವಾದರೆ ‘ರನ್ ಅಪ್ ಇಟ್’, ಬಿಲ್ಲಾದರೆ ‘ರನ್ ಇಟ್ ಅಪ್’. ಯಾವ ಪಟ್ಟಿ ಇದನ್ನು ಹೇಳುತ್ತದೆ?

ಕಲಿಯುವವರಿಗೆಂದೇ ಮಾಡಿದ ಒಳ್ಳೆಯ ಡಿಕ್ಷನರಿಗಳು ಹೇಳುತ್ತವೆ. ಅಲ್ಲಿ ‘ಪಿಕ್ ಸಂಥಿಂಗ್ ಅಪ್’, ‘ಲುಕ್ ಆಫ್ಟರ್ ಸಂಬಡಿ’ ಅಂತಲೇ ಅಚ್ಚಾಗಿರುತ್ತದೆ. ಆ ‘ಸಂಥಿಂಗ್’ ಇರುವ ಜಾಗವೇ ‘ಇಟ್’ ಕೂರುವ ಜಾಗ. ಅದನ್ನು ಕಿತ್ತುಹಾಕಿ ಪಟ್ಟಿ ಮಾಡುತ್ತೇವೆ, ಅಲ್ವಾ?

ಮೂರು ಪದದವು ನೋಡೋಕೆ ಭಯಂಕರ, ಆದರೆ ಸುಲಭ. ‘ಪುಟ್ ಅಪ್ ವಿತ್’ನ ಕೊನೆಯಲ್ಲಿ ಪ್ರಿಪೊಸಿಷನ್ ಇದೆ, ಹಾಗಾಗಿ ‘ಪುಟ್ ಅಪ್ ವಿತ್ ಇಟ್’. ಎರಡು ಸರ್ವನಾಮ ಬಂದರೆ ಒಂದು ನಡುವೆ, ಒಂದು ಕೊನೆಗೆ: ‘ಟಾಕ್ ಹರ್ ಔಟ್ ಆಫ್ ಇಟ್’.

ಹಾಂ, ಮೇಲ್‌ಗಳ ಕೊನೆಯಲ್ಲಿ ಕಾಣುವ ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಕೂಡ ಇದೇ ಸಮಸ್ಯೆ. ಅಲ್ಲಿನ ‘ಟು’ ಪ್ರಿಪೊಸಿಷನ್. ‘ಲುಕಿಂಗ್ ಫಾರ್ವರ್ಡ್ ಟು ಇಟ್’ ಅನ್ನುತ್ತೇವಲ್ಲ, ಆ ‘ಇಟ್’ ಇರುವಲ್ಲಿ ‘ಮೀಟ್’ ಕೂರುವುದಿಲ್ಲ, ‘ಮೀಟಿಂಗ್’ ಬೇಕು.